ಎರಡು ಸಾಲಿನ ಪುಸ್ತಕ

ನನ್ನ ಗಂಡ ಕ್ಲಾರಿಯೊನೆಟ್ಟನ್ನು ಯಾರ ಹತ್ತಿರವೂ ಕಲಿತವರಲ್ಲ. ಹೊಳೆನರಸೀಪುರದ ನಮ್ಮ ಬೆಲ್ಲದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಮದುವೆಮನೆಗಳಲ್ಲಿ ಕಿವಿಗೆ ಬಿದ್ದದ್ದನ್ನು ಊದಿ ಊದಿ ಕಲಿತರು. ಮೊದಲ ವರ್ಷ ಗಿರಾಕಿಗಳು ಕಡಿಮೆಯಾದರು. ಮೂರನೆಯ ವರ್ಷದ ಹೊತ್ತಿಗೆ, ಹಾಸನದ ಬ್ಯಾಂಡ್ ಸೆಟ್ಟಿನ ಮೇಷ್ಟ್ರು ನಿಂತು ಕೇಳುವ ಹಾಗೆ ಊದಿದರು.

"ಕೈ ಪರವಾಗಿಲ್ಲ ಕಣ್ರೀ. ಆದ್ರೆ ಬರೀ ಕೇಳಿದ್ದನ್ನೇ ಊದ್ತೀರ. ಮುಂದಿನ ಪಾಠದ ಪುಸ್ತಕ ತಗೊಂಡು ಸಾಧನೆ ಮಾಡಿ, ಯುಗಾದಿ ಕಳೆದ ಮೇಲೆ ಬನ್ನಿ. ಸೆಟ್ಟಲ್ಲಿ ಒಂದು ಜಾಗ ಐತೆ" ಎಂದರು.

ಆ ಜಾಗಕ್ಕಾಗಿ ನನ್ನ ಗಂಡ ಊಟ ಬಿಟ್ಟರು ಎಂದು ಬರೆಯಬಹುದಿತ್ತು. ಬಿಡಲಿಲ್ಲ. ಅಂಗಡಿ ಬಿಟ್ಟರು, ಗಲ್ಲಾದ ಮುಂದೆ ಕೂತವಳು ನಾನು.

ಪುಸ್ತಕ ಕೊಳ್ಳಲು ಇಬ್ಬರೂ ಹಾಸನಕ್ಕೆ ಹೋದೆವು. ಅಂಗಡಿಯಲ್ಲಿ ಸಂಗೀತದ್ದೆಂದು ಎರಡೇ ಇದ್ದವು. ಒಂದು ತೆಳ್ಳಗಿನ ಕನ್ನಡ ಪುಸ್ತಕ, ಸರಳೆ ಜಂಟೆಯ ಮೊದಲ ಪಾಠ ಮುಗಿಸಿದವರಿಗೆ ಮುಂದಿನ ಪಾಠವಾದ ವರ್ಣಗಳು. ಇನ್ನೊಂದು ದಪ್ಪನೆಯ ಇಂಗ್ಲಿಷ್ ಪುಸ್ತಕ, ಹಾಳೆಯ ತುಂಬ ಇರುವೆ ಸಾಲಿನಂಥ ಕಪ್ಪು ಚುಕ್ಕೆಗಳು.

"ಇದ್ರಾಗೆ ಸ್ವರ ಬರ್ದವ್ರೆ, ಓದಾಕಾಯ್ತದೆ. ಇದ್ನೇ ತಗೊಳ್ಳಿ" ಎಂದೆ. ನಾನು ನಾಲ್ಕನೇ ಕ್ಲಾಸು.

"ಸುಮ್ಕಿರಮ್ಮಿ. ನಿಂಗೇ ಓದಾಕಾಗೋದು ಮುಂದ್ಲ ಪಾಠ ಎಂಗಾದಾತು?" ಎಂದು, ಅಂಗಡಿಯವನ ಕಡೆ ತಿರುಗಿದರು. "ಕಷ್ಟದ್ದು ಯಾವ್ದು ಸಾ?"

"ದಪ್ಪಂದೇ ಇರಬೇಕು. ಇದುವರ್ಗೂ ಒಬ್ರೂ ಮುಟ್ಟಿಲ್ಲ."

ಅಷ್ಟು ಸಾಕಾಯಿತು.

ಆ ಪುಸ್ತಕದಲ್ಲಿ ಎರಡೆರಡು ಸಾಲುಗಳನ್ನು ಒಂದು ಆವರಣ ಹಾಕಿ ಜೋಡಿಸಿದ್ದರು. ನನ್ನ ಗಂಡ ಎರಡು ದಿನ ನೋಡಿ ಅರ್ಥ ಮಾಡಿಕೊಂಡರು: ವಾದ್ಯದ ಮೇಲ್ಗಡೆ ಎಡಗೈ, ಕೆಳಗಡೆ ಬಲಗೈ, ಹಾಗಾಗಿ ಮೇಲಿನ ಸಾಲು ಎಡಗೈಗೆ, ಕೆಳಗಿನದು ಬಲಗೈಗೆ. ಚುಕ್ಕೆ ಹತ್ತಿದರೆ ಸ್ವರ ಹತ್ತಿಸುವುದು, ಇಳಿದರೆ ಇಳಿಸುವುದು. ಐದು ತಿಂಗಳು ಹೀಗೆ ಸಾಧನೆ ನಡೆಯಿತು. ಅದು ಯಾವ ರಾಗವೆಂದು ಕೇಳಿದರೆ, "ಇಂಗ್ಲಿಷ್" ಎನ್ನುತ್ತಿದ್ದರು.

ಯುಗಾದಿ ಕಳೆದ ಮೇಲೆ ಹಾಸನಕ್ಕೆ ಹೋಗಿ ಮೇಷ್ಟ್ರ ಮುಂದೆ ಊದಿದರು. ನಾನು ಬಾಗಿಲ ಹತ್ತಿರ ಬುತ್ತಿ ಹಿಡಿದು ಕೂತಿದ್ದೆ. ಮೇಷ್ಟ್ರು ಪುಸ್ತಕ ಈಸಿಕೊಂಡು ನೋಡಿದರು.

"ಸ್ವಾಮೀ, ಇದು ಪಿಯಾನೋ ಪುಸ್ತಕ. ಎರಡು ಸಾಲೂ ಒಟ್ಟಿಗೇ ನುಡಿಸ್ಬೇಕು. ನಿಮಗೆ ಎರಡು ಬಾಯಿ ಐತಾ?"

ಬ್ಯಾಂಡಿನವರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ. ನನ್ನ ಗಂಡ ಮಾತ್ರ ವಾದ್ಯವನ್ನು ಬಿಚ್ಚಿ ಒಂದೊಂದೇ ತುಂಡನ್ನು ಒರೆಸುತ್ತ ಕೂತರು, ಒರೆಸಿದ್ದನ್ನೇ ಮತ್ತೆ ಒರೆಸುತ್ತ. ಅದನ್ನು ನೋಡಿ ನನ್ನ ನಗು ನಿಂತಿತು.

"ಜಾಗ ದೀಪಾವಳಿವರ್ಗೂ ಇರ್ತದಾ, ಮೇಷ್ಟ್ರೇ?" ಎಂದು ಕೇಳಿದೆ.

"ಆಮೇಲೆ ಇರಾಕಿಲ್ಲ ಕಣಮ್ಮ."

ಬರುವಾಗ ತೆಳ್ಳಗಿನ ಪುಸ್ತಕವನ್ನು ನಾನೇ ಕೊಂಡೆ. ಅವರಿಗೆ ಅಕ್ಷರ ಓದುತ್ತ ಊದಲು ಬರುತ್ತಿರಲಿಲ್ಲ. ಅದಕ್ಕೆ ಬೆಳಿಗ್ಗೆ ನಾನು ಮುದ್ದೆ ತಿರುವುತ್ತ ಒಂದೊಂದೇ ಸಾಲು ಓದಿ ಹೇಳುವುದು, ಅವರು ಊದುವುದು. ತಪ್ಪಿದರೆ ಕೋಲು ನನ್ನ ಕೈಯಲ್ಲೇ ಇತ್ತು.

ದೀಪಾವಳಿಗೆ ಜಾಗ ಸಿಕ್ಕಿತು. ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ಯಾರೋ, "ಯಾರತ್ರ ಕಲ್ತ್ರಿ ಸಾ?" ಎಂದು ಕೇಳಿದರು.

"ಯಾರತ್ರಾನೂ ಇಲ್ಲ. ಇಂಗ್ಲಿಷ್ ಪುಸ್ತಕ ನೋಡ್ಕಂಡು, ನಾನೇ."

ದಪ್ಪನೆಯ ಪುಸ್ತಕ ಗಿರಾಕಿಗಳಿಗೆ ಕಾಣುವ ಹಾಗೆ ಬಹಳ ಕಾಲ ಗಲ್ಲಾದ ಮೇಲಿತ್ತು, ಒಂದು ಕಲೆಯೂ ಇಲ್ಲದೆ. ತೆಳ್ಳಗಿನದು ಒಲೆಯ ಪಕ್ಕದ ಗೂಡಿನಲ್ಲಿತ್ತು. ಅದರ ಹಾಳೆ ಬಿಡಿಸಲು ರಾಗಿ ಹಿಟ್ಟನ್ನು ಉಗುರಿನಿಂದ ಕೆರೆಯಬೇಕಿತ್ತು.