ಬಾಂಬಿಗೆ ಕೂತ ಭಾವ

ಪತ್ರಿಕೆಯ ಮೊದಲ ಪುಟದ ಎಡಮೂಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದ ವ್ಯಂಗ್ಯಚಿತ್ರಕಾರನಿಗೆ ಒಂದು ಚಾಳಿ: ಕಣ್ಣೆದುರು ಮಾದರಿ ಇಲ್ಲದಿದ್ದರೆ ಕೈ ಓಡದು. ಯುದ್ಧದ ಟ್ಯಾಂಕಿಗೆ ಅಮ್ಮನ ಹೊಲಿಗೆ ಯಂತ್ರ, ಬಜೆಟ್ಟಿಗೆ ತನ್ನದೇ ತೂತು ಬನಿಯನ್.

ಸರ್ಕಾರ ಅಣುಬಾಂಬು ಸಿಡಿಸಿ ನೋಡಿ ಊರೆಲ್ಲ ಎದೆಯುಬ್ಬಿಸಿದ ದಿನ ಅವನಿಗೆ ಹೊಳೆದದ್ದು ಮನೆಅಳಿಯ. ದುಡಿಯುವುದಿಲ್ಲ, ಆದರೂ ತಲೆಯ ಮೇಲಿಟ್ಟು ಸಾಕಬೇಕು, ಮುನಿದರೆ ಎಲ್ಲರ ಕಥೆ ಮುಗಿಯಿತು. ಮಾದರಿ ಮನೆಯಲ್ಲೇ ಇತ್ತು: ಅಕ್ಕನ ಗಂಡ, ಹನ್ನೊಂದು ವರ್ಷದ ಹಿಂದೆ ನಾಲ್ಕು ದಿನಕ್ಕೆಂದು ಬಂದವರು.

"ಭಾವ, ಸ್ವಲ್ಪ ಹೊಟ್ಟೆ ಮುಂದೆ ಬಿಟ್ಕೊಂಡು ಕೂತ್ಕೊಳಿ."

"ಬಿಟ್ಕೊಂಡಿದ್ದಲ್ಲಯ್ಯಾ, ತಾನಾಗೇ ಬಂದಿದ್ದು. ಏನ್ ಬರೀತಿದೀಯ?"

"ದೇಶದ ಶಕ್ತಿ."

ಭಾವ ಗದ್ದ ಎತ್ತಿ ಕೂತರು.

ಬೆಳಿಗ್ಗೆ ಪತ್ರಿಕೆಯಲ್ಲಿ ಸೋಫಾದ ಮೇಲೆ ಬೋಳುತಲೆಯ, ಮೂರು ಮಡಿಕೆ ಗದ್ದದ ಬಾಂಬು ಗೊರಕೆ ಹೊಡೆಯುತ್ತಿತ್ತು. ಮಂತ್ರಿಗಳು ಕಾಲೊತ್ತುತ್ತಿದ್ದರು. ಬಡಕಲು ಪ್ರಜೆಯೊಬ್ಬ ಉಸಿರು ಬಿಗಿಹಿಡಿದು ಬೀಸಣಿಗೆ ಬೀಸುತ್ತಿದ್ದ.

ಹತ್ತು ಗಂಟೆಗೆ ಸಂಪಾದಕರು ಕರೆಸಿದರು. "ನೋಡಪ್ಪ, ಆ ಬಾಂಬು ತಾನೇ ಅಂತ ರಕ್ಷಣಾ ಮಂತ್ರಿಗಳು ಕೂಗಾಡ್ತಿದಾರೆ. ಅಲ್ಲ ಅಂತ ರುಜುವಾತು ಮಾಡು, ಇಲ್ಲಾಂದ್ರೆ ಮೂಲೆ ಖಾಲಿ ಮಾಡು."

"ಸಾರ್, ಅದು ನಮ್ಮ ಭಾವ."

"ಯಾರ ಕಿವಿಗೆ ಹೂವಿಡ್ತೀಯ?"

ಅವನು ಮನೆಗೆ ಓಡಿ ವಿಷಯ ಹೇಳಿದ. ಭಾವ ಕೆಂಪಾದರು. "ನನ್ನನ್ನ ಬಾಂಬು ಮಾಡಿದೀಯಾ?"

ಅಡುಗೆಮನೆಯಿಂದ ಅಕ್ಕ ಅಂದಳು: "ಬಾಂಬಿಗೆ ಬೇಜಾರಾಗ್ಬೇಕು ಕಣ್ರಿ. ಅದು ಜನ್ಮದಲ್ಲಿ ಒಂದ್ಸಲನಾದ್ರೂ ಕೆಲಸ ಮಾಡತ್ತೆ."

ಭಾವ ಆ ಮಾತಿಗಿಂತ ಪತ್ರಿಕೆ ಕಚೇರಿಯೇ ವಾಸಿ ಎಂದು ಹೊರಟುಬಂದರು. ಸಂಪಾದಕರು ಚಿತ್ರವನ್ನು ಅವರ ಕೆನ್ನೆಯ ಪಕ್ಕ ಹಿಡಿದು ಗದ್ದದ ಮಡಿಕೆ ಎಣಿಸಿದರು. ಲೆಕ್ಕ ಸರಿಹೋಯಿತು; ನಾಳೆಯೇ ಸ್ಪಷ್ಟನೆ ಹಾಕುವುದೆಂದಾಯಿತು. ಆದರೆ ಭಾವ ಒಂದು ಷರತ್ತು ಹಾಕಿದರು: "ಬರೀ ಭಾವ ಅಂದ್ರೆ ಯಾರ್ ನಂಬ್ತಾರೆ? ಫೋಟೋನೂ ಹಾಕಿ."

ಮರುದಿನ ಫೋಟೋದ ಕೆಳಗೆ ಅಚ್ಚಾಯಿತು: "ನಿನ್ನೆಯ ಬಾಂಬು ಮಾನ್ಯ ರಕ್ಷಣಾ ಮಂತ್ರಿಗಳಲ್ಲ, ಚಿತ್ರಕಾರರ ಭಾವ."

ಅಲ್ಲಿಯವರೆಗೆ ಊರಿನಲ್ಲಿ ಯಾರಿಗೂ ಮಂತ್ರಿಯ ನೆನಪೇ ಆಗಿರಲಿಲ್ಲ. ಈಗ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪತ್ರಿಕೆ ಎರಡು ಸಲ ಮರುಮುದ್ರಣವಾಯಿತು. ಇನ್ನು ಮುಂದೆ ದಯವಿಟ್ಟು ಸ್ಪಷ್ಟನೆ ಕೊಡಬೇಡಿ ಎಂದು ಮಂತ್ರಿಗಳ ಕಚೇರಿಯೇ ಬೇಡಿಕೊಂಡಿತು. ಸಂಪಾದಕರ ದನಿಗೆ ಬೆಲ್ಲ ಬಂತು: "ಮೂಲೆ ಸಾಕೇನಪ್ಪ, ಅಗಲ ಮಾಡಲಾ?"

ಸಂಜೆ ಮನೆಯಲ್ಲಿ ಭಾವ ಆಗಲೇ ಸೋಫಾದ ಮೇಲೆ ಕೂತಿದ್ದರು. "ಪಕ್ಕದ ದೇಶದವರೂ ಒಂದು ಸಿಡಿಸಿದಾರಂತೆ. ಅದಕ್ಕೂ ನಾನೇ ಕೂರ್ತೀನಿ ಬಿಡು. ಅಂಗಿ ಮಾತ್ರ ಬೇರೆ ಹಾಕ್ಕೊಂಡ್ರೆ ಆಯ್ತಲ್ಲ?"