ಹಿಂದಿನ ಸೀಟಿನಲ್ಲಿ ಕುಳಿತ ಡ್ರೈವರ್ ಮಾವ

ನಮ್ಮ ಸೋದರಮಾವನ ಬಲಗೈ ಎಡಗೈಗಿಂತ ಕಪ್ಪಗಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಹುರಿದ ಕಡಲೆಬೀಜದ ಸಿಪ್ಪೆಯ ಬಣ್ಣ. ಎಡಗೈ ಮಾತ್ರ ನಮ್ಮ ಮನೆಮಂದಿಯ ಮಾಮೂಲಿ ಗೋಧಿ ಬಣ್ಣ. ಮೂವತ್ತು ವರ್ಷದ ಹತ್ತಿರ ಸರ್ಕಾರಿ ಬಸ್ಸು ಓಡಿಸಿದವರು, ಕಿಟಕಿಯ ಕಡೆಗಿದ್ದ ಕೈಯನ್ನು ಬಿಸಿಲು ಬಿಟ್ಟಿರಲಿಲ್ಲ. ಹೊಸಬರು ಯಾರಾದರೂ ನೋಡಿ, ಸುಟ್ಟುಕೊಂಡಿದ್ದೀರಾ ಎಂದು ಕೇಳಿದರೆ, "ಇಲ್ಲ ಕಣ್ಲಾ, ಇದು ಕ್ಯಾಲಿಕಟ್ ಬಿಸ್ಲು" ಎಂದು ನಗುತ್ತಿದ್ದರು.

ನಮ್ಮೂರು ಕುದೇರು. ಡಿಗ್ರಿ ಓದಲು ಗುಂಡ್ಲುಪೇಟೆಯ ಮಾವನ ಮನೆಗೆ ಬಂದವಳು ಮದುವೆಯಾಗುವವರೆಗೂ ಅಲ್ಲೇ ಉಳಿದೆ. ಮಾವ, ಅತ್ತೆಗೆ ಮಕ್ಕಳಿರಲಿಲ್ಲ. ಮನೆ ಹೆದ್ದಾರಿಗೇ ಅಂಟಿಕೊಂಡಿತ್ತು. ಹಾದುಹೋಗುವ ಬಸ್ಸುಗಳ ಹಾರ್ನ್ ಕೇಳಿಯೇ ಯಾರು ಓಡಿಸುತ್ತಿದ್ದಾರೆಂದು ಅತ್ತೆ ಹೇಳುತ್ತಿದ್ದರು.

ಬಸ್ಸು ಹೊರಡಿಸುವ ಮೊದಲು ಮಾವ ಒಮ್ಮೆ ಹಿಂದಿನ ಸೀಟಿನವರೆಗೆ ನಡೆದು ಹೋಗಿ, ಕುಳಿತವರ ಮುಖಗಳನ್ನೆಲ್ಲ ನೋಡಿಕೊಂಡು ಬರುತ್ತಿದ್ದರು. ಅದು ಕಂಡಕ್ಟರನ ಕೆಲಸವೂ ಅಲ್ಲ, ಡ್ರೈವರನ ಕೆಲಸವೂ ಅಲ್ಲ. ಯಾಕೆ ಎಂದು ನಾನು ಕೇಳಿದ್ದೆ. "ಯಾರ್ಯಾರ್ನ ಕರ್ಕೊಂಡ್ ಓಯ್ತಾ ಇವ್ನಿ ಅಂತ ಗೊತ್ತಿರ್ಬೇಕು ಕಣಮ್ಮಿ. ಬರೀ ಸೀಟು ಅನ್ಕೊಂಡ್ರೆ ತಿರುವಲ್ಲಿ ಕೈ ಜೋರಾಯ್ತದೆ" ಎಂದರು. ಒಂದು ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಒಬ್ಬ ಮುದುಕಿ ಸೊಪ್ಪಿನ ಮಂಕರಿ ಇಳಿಸಿಕೊಂಡು ಕೂರುವಷ್ಟರಲ್ಲಿ ತಡವಾಯಿತೆಂದು ಬಾಗಿಲಲ್ಲಿ ನಿಂತಿದ್ದ ತರಕಾರಿ ವ್ಯಾಪಾರಿಯೊಬ್ಬ ರೇಗಾಡಿದ. ಮಾವ ಕನ್ನಡಿಯಲ್ಲೇ ಅವನನ್ನು ನೋಡಿ, "ಆವಮ್ಮ ಕುಂತಾಯ್ತು. ಈಗ ನಿಂತಿರೋನು ನೀನೊಬ್ನೆಯಾ. ನೀನು ಕುಂತ್ರೆ ಬಸ್ ಓಯ್ತದೆ" ಎಂದರು. ಬಸ್ಸೆಲ್ಲ ನಕ್ಕಿತು. ಅವನೂ ನಕ್ಕು ಕುಳಿತ.

ಅವರ ದಾರಿ ಬಂಡೀಪುರದ ಕಾಡು ದಾಟಿ, ವಯನಾಡು ಹಾದು, ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿದು ಕಲ್ಲಿಕೋಟೆಗೆ, ಮಾವನ ಬಾಯಲ್ಲಿ ಕ್ಯಾಲಿಕಟ್‌ಗೆ. ಬರುವಾಗ ಅತ್ತೆಗೆ ಅಲ್ಲಿನ ಹಲ್ವಾ ತರುತ್ತಿದ್ದರು. ಅತ್ತೆ ಎಲ್ಲ ಬಣ್ಣದ ಹಲ್ವಾ ತಿಂದಿದ್ದರು, ಸಮುದ್ರ ಮಾತ್ರ ನೋಡಿರಲಿಲ್ಲ. ಮಾವ ಬಸ್‌ಸ್ಟ್ಯಾಂಡಿನಿಂದ ನಡೆದುಹೋಗಿ ಎಷ್ಟೋ ಸಲ ದಡದಲ್ಲಿ ನಿಂತು ಬಂದಿದ್ದರು. ಊರಿನ ಹೊರಗೆ, ಕಡಲ ದಂಡೆಯ ತೆಂಗಿನ ತೋಪಿನ ನಡುವೆ ಒಂದು ರೆಸಾರ್ಟ್ ಇತ್ತಂತೆ. ಅದರ ಹಂಚಿನ ಚಾವಣಿ ಅವರು ನಿಲ್ಲುತ್ತಿದ್ದ ದಡದಿಂದಲೇ ಕಾಣುತ್ತಿತ್ತಂತೆ. ರಿಟೈರ್ ಆದ ಮೇಲೆ ಅತ್ತೆಯನ್ನು ಕರೆದುಕೊಂಡು ಹೋಗಿ ಅಲ್ಲೇ ಉಳಿಯುವುದೆಂದು ತೀರ್ಮಾನಿಸಿದ್ದರು.

ಮಾವ ರಿಟೈರ್ ಆದ ವರ್ಷವೇ ನಾನೂ ನನ್ನ ಗಂಡನೂ ಊಟಿ ರಸ್ತೆಯಲ್ಲಿ ಪ್ರವಾಸಿಗಳಿಗೆಂದು ಆರು ಕೋಣೆಯ ಲಾಡ್ಜ್ ಕಟ್ಟಲು ಹೊರಟಿದ್ದೆವು. ನಕ್ಷೆ ತೋರಿಸಿದೆ. ಮಾವ ಅದನ್ನು ನೋಡಿ, "ನೀನು ಯಾವತ್ತಾರ ಇಂಥ ಜಾಗ್ದಲ್ಲಿ ದುಡ್ ಕೊಟ್ಟು ಮಲ್ಗಿದ್ದೀಯಾ?" ಎಂದರು. ಇಲ್ಲ ಎಂದೆ. "ಮತ್ತೆ ಬಂದೋರ್ಗೆ ಏನ್ ಬೇಕು ಅಂತ ನಿಂಗೆಂಗ್ ಗೊತ್ತಾಯ್ತದೆ? ನಮ್ ಜೊತ್ಗೆ ಬಾ. ಎರಡು ದಿವ್ಸ ಗಿರಾಕಿಯಾಗಿ ಇದ್ದು ನೋಡ್ಕೊ."

ಹೀಗೆ ನಾವು ಮೂವರು ಹೊರಟೆವು. ತೆರಕಣಾಂಬಿಯ ಒಬ್ಬರ ಬಾಡಿಗೆ ಕಾರು ಗೊತ್ತುಮಾಡಿದ್ದೆ. ಐವತ್ತು ದಾಟಿದ, ಮಾತು ಕಡಿಮೆಯ ಡ್ರೈವರ್. ನೀವೇ ಓಡಿಸಬಹುದಿತ್ತಲ್ಲ ಎಂದು ನಾನು ಅಂದದ್ದಕ್ಕೆ ಮಾವ, "ಒಂದ್ ಸಲನಾರ ಹಿಂದ್ಗಡೆ ಕುಂತ್ಕೊಂಡು ಆ ಘಾಟಿ ನೋಡ್ಬೇಕು ಕಣಮ್ಮಿ. ಎಲ್ರೂ ಚೆನ್ನಾಗದೆ ಅಂತಾರೆ, ನಾನು ಬರೀ ರಸ್ತೆ ನೋಡಿವ್ನಿ" ಎಂದರು. ಆದರೆ ಘಾಟಿ ಶುರುವಾದ ಕೂಡಲೇ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯತೊಡಗಿತು. ಅತ್ತೆ ಅವರ ಮಂಡಿಯ ಮೇಲೆ ಕೈಯಿಟ್ಟು, "ಸುಮ್ಕಿರಿ, ಅವ್ರು ಸರ್ಯಾಗೇ ಓಡಿಸ್ತಾವ್ರೆ" ಎಂದರು.

ರೆಸಾರ್ಟಿನಲ್ಲಿ ನಮಗೆ ಕಪ್ಪೆಚಿಪ್ಪಿನ ಹಾರ ಹಾಕಿ ಎಳನೀರು ಕೊಟ್ಟರು. ಮೂರು ಎಳನೀರು. ಡ್ರೈವರ್ ನಮ್ಮ ಬ್ಯಾಗುಗಳನ್ನು ಹಿಡಿದು ಒಂದು ಪಕ್ಕದಲ್ಲಿ ನಿಂತಿದ್ದರು. ಮಾವ ಇನ್ನೊಂದು ಕೇಳಿದರು. ಕೌಂಟರಿನ ಹುಡುಗಿ ನಗುಮುಖದಿಂದಲೇ, ಇದು ಗೆಸ್ಟ್‌ಗಳಿಗೆ ಮಾತ್ರ ಸಾರ್ ಎಂದಳು. ಮಾವ ತಮ್ಮ ಎಳನೀರನ್ನು ಡ್ರೈವರ್ ಕೈಗೆ ಕೊಟ್ಟು, ಅವರ ಕೈಯಲ್ಲಿದ್ದ ಬ್ಯಾಗನ್ನು ತಾವು ತೆಗೆದುಕೊಂಡರು. "ಬ್ಯಾಡಿ ಅಣ್ಣ" ಎಂದು ಅವರು ಹಿಂಜರಿದರೆ, "ಕುಡಿಲಾ. ಘಾಟಿ ಇಳ್ಸಿದೋನು ನೀನು, ನಾನಲ್ಲ" ಎಂದರು.

ಮೂವರಿಗೂ ಒಂದೇ ಕೋಣೆ, ಸಮುದ್ರದ ಎದುರಿಗೇ ಇತ್ತು. ಹಾಸಿಗೆಯ ಮೇಲೆ ಟವೆಲಿನಲ್ಲಿ ಎರಡು ಹಂಸ ಮಾಡಿಟ್ಟಿದ್ದರು. ಅತ್ತೆ ಅವನ್ನು ಬಿಚ್ಚಲು ಮನಸ್ಸು ಬಾರದೆ ಮನೆಯಿಂದ ತಂದಿದ್ದ ಟವೆಲನ್ನೇ ತೆಗೆದುಕೊಂಡರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ: ಪರದೆಯ ಬಟ್ಟೆ, ಸೋಪಿನ ಅಳತೆ, ತಿಂಡಿಗೆ ಎಷ್ಟು ಬಗೆ, ಬಾಗಿಲ ಹೊರಗೆ ಕಾಲು ತೊಳೆಯಲು ಮಣ್ಣಿನ ಬಾನಿ. ಆ ಸಂಜೆ ಮಾವ, ಅತ್ತೆ ಇಬ್ಬರೂ ನೀರಿನ ಅಂಚಿಗೆ ಹೋದರು. ನಾನು ಹಿಂದೆ ನಿಂತಿದ್ದೆ. ಅತ್ತೆ ಸೀರೆ ಎತ್ತಿ ಹಿಡಿದು, "ನೀವು ಮೊದ್ಲು ಇಳೀರಿ, ನಿಮ್ಗೆ ಅಭ್ಯಾಸ" ಎಂದರು.

"ನಾನೂ ಇಳ್ದಿಲ್ಲ ಕಣೆ" ಎಂದರು ಮಾವ. "ಇಷ್ಟ್ ವರ್ಷ ದಡದಲ್ಲೇ ನಿಂತು ನೋಡ್ಬುಟ್ಟು ಬಂದಿವ್ನಿ. ಒಬ್ನೆ ಇಳಿಯೋಕೆ ಮನಸ್ ಬರ್ನಿಲ್ಲ."

ಅತ್ತೆ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಕೈ ಹಿಡಿದುಕೊಂಡು ತಾವೇ ಮೊದಲು ಕಾಲಿಟ್ಟರು. ಅಲೆ ಬಂದು ಇಬ್ಬರನ್ನೂ ಮಂಡಿಯವರೆಗೆ ನೆನೆಸಿತು. ಅತ್ತೆ ಅಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಲಿಂಗಪೂಜೆಗೆ ಕುಳಿತಿದ್ದಾಗ ಮಾವ ತಿರುಗಾಡಿ ಬರುತ್ತೇನೆಂದು ಹೋದರು. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ನನ್ನನ್ನು ಕರೆದರು. "ಬಾ. ನಿನ್ ಬುಕ್ಕಲ್ಲಿ ಇದ್ನೂ ಬರ್ಕೊ." ಅಡುಗೆಮನೆಯ ಹಿಂದಿನ ಕಾರ್ ಪಾರ್ಕಿಂಗಿಗೆ ಕರೆದುಕೊಂಡು ಹೋದರು. ಅಲ್ಲಿ ನಾಲ್ಕೈದು ಕಾರುಗಳು ನಿಂತಿದ್ದವು. ಕೆಲವು ಡ್ರೈವರುಗಳು ಸೀಟು ಒರಗಿಸಿಕೊಂಡು, ಬಾಗಿಲು ತೆರೆದು ಮಲಗಿದ್ದರು. ನಮ್ಮ ಡ್ರೈವರ್ ಕೊಳಾಯಿಯಲ್ಲಿ ಮುಖ ತೊಳೆಯುತ್ತಿದ್ದರು. ಕಣ್ಣು ಕೆಂಡದಂತಿತ್ತು. ಡ್ರೈವರುಗಳಿಗೆಂದು ಒಂದು ತಗಡಿನ ಶೆಡ್ ಇತ್ತು, ಆದರೆ ಫ್ಯಾನ್ ಕೆಟ್ಟಿತ್ತು, ಸೊಳ್ಳೆ ತಡೆಯಲಾಗದೆ ಎಲ್ಲರೂ ಕಾರಿಗೆ ಬಂದಿದ್ದರು. ಊಟಕ್ಕೆ ಒಳಗೆ ಬಿಡುವುದಿಲ್ಲ ಎಂದು ಹೊರಗೆ ರಸ್ತೆಯ ಹೋಟೆಲಿಗೆ ಹೋಗಿದ್ದರಂತೆ.

"ನಮ್ಗೆ ಇದು ಮಾಮೂಲಿ ಕಣಣ್ಣ, ಬುಡಿ" ಎಂದರು ಡ್ರೈವರ್.

"ಮಾಮೂಲಿ ಅನ್ನೋದೆಯಾ ತೊಂದ್ರೆ" ಎಂದರು ಮಾವ.

ನನಗೆ ನಾಚಿಕೆಯಾಯಿತು. ಅವರನ್ನು ಕರೆತಂದವಳು ನಾನು. ಸೋಪಿನ ಅಳತೆ ಬರೆದುಕೊಂಡಿದ್ದೆ, ಅವರು ಎಲ್ಲಿ ಮಲಗಿದರೆಂದು ಕೇಳಿರಲಿಲ್ಲ.

ಅತ್ತೆಯ ಪೂಜೆ ಮುಗಿದ ಮೇಲೆ ಮಾವ ಪಂಚೆ, ಅಂಗಿ ಸರಿಮಾಡಿಕೊಂಡು ಮ್ಯಾನೇಜರರ ಕೋಣೆಗೆ ಹೊರಟರು. ಜಗಳವಾದೀತೆಂದು ಅತ್ತೆಯೂ ನಾನೂ ಹಿಂದೆಯೇ ಹೋದೆವು. ಮ್ಯಾನೇಜರ್ ಕಾಸರಗೋಡಿನ ಕಡೆಯವರು, ಒಳ್ಳೆಯ ಕನ್ನಡ ಮಾತಾಡುತ್ತಿದ್ದರು. ಎದ್ದು ನಿಂತು ಕುರ್ಚಿ ಕೊಟ್ಟರು. ಮಾವ ವಿಷಯ ಹೇಳಿದಾಗ, "ಎಲ್ಲ ಕಡೆಯೂ ಹೀಗೇ ಸಾರ್. ಇದುವರೆಗೆ ಯಾವ ಗೆಸ್ಟೂ ಕಂಪ್ಲೇಂಟ್ ಮಾಡಿಲ್ಲ" ಎಂದರು.

"ನಾನೂ ಕಂಪ್ಲೇಂಟ್ ಮಾಡ್ತಿಲ್ಲ ಸಾರ್. ನಿಮ್ ಹಾಸ್ಗೆ ಬೋ ಚೆನ್ನಾಗದೆ, ನಂಗೆ ಒಳ್ಳೆ ನಿದ್ದೆ ಬಂತು. ಆದ್ರೆ ನಾಳೀಕೆ ಘಾಟಿ ಹತ್ತುಸೋನು ನಾನಲ್ವಲ್ಲ. ಓಡ್ಸೋನು ನಿದ್ದೆಗೆಟ್ಟಿದ್ರೆ, ಹಿಂದೆ ಕುಂತೋರು ಎಷ್ಟ್ ಮೆತ್ತಗೆ ಮಲಗಿದ್ರೇನು?"

ಮ್ಯಾನೇಜರ್ ಏನೋ ಹೇಳಲು ಹೋದರು. ಮಾವ ಕೈ ಎತ್ತಿ ತಡೆದರು. ಆಮೇಲೆ ಅವರು ಹೇಳಿದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಮಾತು.

"ನಾನೂ ಡ್ರೈವರೇ ಸಾರ್. ನೈಟ್ ಹಾಲ್ಟ್ ಇದ್ದಾಗ ಬಸ್ಸಿನ ಹಿಂದಿನ ಸೀಟಲ್ಲಿ ಮಲಗ್ತಿದ್ದೊ. ಒಂದ್ ಸಲ ಸೆಕೆಗೆ, ಸೊಳ್ಳೆಗೆ ರೆಪ್ಪೆ ಮುಚ್ಚಕಾಗ್ನಿಲ್ಲ. ಬೆಳಿಗ್ಗೆ ಘಾಟಿ ಹತ್ತುಸ್ತಿದ್ದೆ, ಏಳನೇ ತಿರುವು. ಕಣ್ಣು ಮುಚ್ಕೊಂಡದ್ದು ನಂಗೇ ಗೊತ್ತಾಗ್ನಿಲ್ಲ. ಕಂಡಕ್ಟರ್ ಕೂಗ್ದ. ಬ್ರೇಕ್ ಒತ್ತಿ ನೋಡುದ್ರೆ ಬಸ್ಸು ತಡೆಗೋಡೆ ಮುಟ್ಕೊಂಡು ನಿಂತಿತ್ತು. ಆ ಕಡೆ ಬರೀ ಗಾಳಿ. ಬಸ್ಸು ತುಂಬ ಜನ ಸಾರ್. ಮುಂದಿನ ಸೀಟಲ್ಲಿ ಒಬ್ಳು ಮಗೀಗೆ ಬಾಳೆಹಣ್ಣು ಸುಲೀತಿದ್ಲು, ಅವ್ಳ್ಗೆ ಏನೂ ಗೊತ್ತೇ ಆಗ್ನಿಲ್ಲ. ಅವತ್ತಿಂದ ಬಸ್ ತೆಗಿಯೋಕ್ ಮುಂಚೆ ಎಲ್ಲಾರ್ ಮುಖ ನೋಡೋದು ಕಲ್ತೆ."

ಮ್ಯಾನೇಜರ್ ನಿಧಾನವಾಗಿ, "ನಿಯಮ ಬದಲಾಯಿಸೋದು ನನ್ನ ಕೈಯಲ್ಲಿಲ್ಲ. ಮಾಲೀಕರಿಗೆ ಬರೀತೇನೆ. ಫ್ಯಾನ್ ಇವತ್ತೇ ರಿಪೇರಿ ಮಾಡಿಸ್ತೇನೆ" ಎಂದರು.

"ಅಷ್ಟ್ ಮಾಡುದ್ರೆ ದೊಡ್ದು" ಎಂದು ಮಾವ ಕೈಮುಗಿದು ಎದ್ದರು. "ಇವತ್ತಿಗೆ ನನ್ ಕೋಣೆ ನನ್ ಕೈಲೇ ಅದೆ. ಅದ್ರಲ್ಲಿ ಅವ್ನು ಮಲಗ್ತಾನೆ."

ಮ್ಯಾನೇಜರೂ ಎದ್ದು ನಿಂತರು. "ಅದು ನಿಮ್ಮ ಕೋಣೆ ಸಾರ್. ನಾನೇನೂ ಹೇಳೋದಿಲ್ಲ" ಎಂದರು.

ಹೊರಗೆ ಬಂದ ಮೇಲೆ ಅತ್ತೆ ತೆಂಗಿನ ಮರ ಹಿಡಿದು ನಿಂತುಬಿಟ್ಟರು. "ನಂಗ್ಯಾಕೆ ಏಳ್ನಿಲ್ಲ?"

"ಏಳಿದ್ರೆ ನಾನು ಡ್ಯೂಟಿಗೋದ ದಿವ್ಸ ನೀನು ನಿದ್ದೆ ಮಾಡ್ತಿದ್ದಾ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೋಣೆಗೆ ಹೋದರು. ಹಿಂದಿನ ದಿನ ಹಾಗೇ ಎತ್ತಿಟ್ಟಿದ್ದ ಎರಡೂ ಹಂಸಗಳನ್ನು ಬಿಚ್ಚಿ, ಒಂದು ಟವೆಲನ್ನು ಮಾವ ಕರೆತಂದ ಡ್ರೈವರ್ ಕೈಗೆ ಕೊಟ್ಟರು. "ಬಿಸ್ನೀರು ಬತ್ತದೆ. ಸ್ನಾನ ಮಾಡಿ ಮಲಿಕೊಳ್ಳಿ ಕಣಪ್ಪ. ನಾವು ಬತ್ತೀವಿ ಅಂತ ಏಳ್ಬೇಡಿ." ಅವರು ಎಷ್ಟು ಬೇಡವೆಂದರೂ ಕೇಳಲಿಲ್ಲ. ಬೆಳಗಿನಿಂದ ಮಧ್ಯಾಹ್ನ ಇಳಿಯುವವರೆಗೆ ಅವರು ಸಮುದ್ರದ ಎದುರಿನ ಆ ಕೋಣೆಯಲ್ಲಿ ಮಲಗಿದರು. ನಾವು ಮೂವರು ತೆಂಗಿನ ನೆರಳಲ್ಲಿ ಕುಳಿತು, ನೆರಳು ಸರಿದಂತೆ ಕುರ್ಚಿ ಸರಿಸಿಕೊಂಡು ಕಾಲ ಕಳೆದೆವು. ನಾನು ನೋಟ್‌ಬುಕ್ಕಿನಲ್ಲಿ ಅಂದು ಬೇರೇನೂ ಬರೆಯಲಿಲ್ಲ.

ಸಂಜೆಗೆ ಇಬ್ಬರು ಏಣಿ ಹೊತ್ತುಕೊಂಡು ಶೆಡ್ಡಿನ ಕಡೆ ಹೋಗುವುದು ಕಾಣಿಸಿತು. ಮಾಲೀಕರಿಗೆ ಕಾಗದ ಹೋಯಿತೋ ಇಲ್ಲವೋ ನನಗೆ ತಿಳಿಯದು. ಮರುದಿನ ಘಾಟಿ ಹತ್ತುವಾಗ ಮಾವ ಒಂದು ಸಲವೂ ಕಾಲು ಒತ್ತಲಿಲ್ಲ. ಕಿಟಕಿಗೆ ಮುಖವಿಟ್ಟು, "ಎಂಥ ಕಾಡು ನೋಡಮ್ಮಿ, ಎಂಥ ಹಸ್ರು" ಎಂದು ಮೊದಲ ಸಲ ಬಂದವರಂತೆ ತೋರಿಸುತ್ತಿದ್ದರು.

ಊರಿಗೆ ಬಂದು ನಕ್ಷೆ ಬಿಚ್ಚಿದೆ. ಆರು ಕೋಣೆಗಳಲ್ಲಿ ಒಂದನ್ನು, ಹಿತ್ತಲಿನದನ್ನಲ್ಲ, ಗಾಳಿ ಬರುವ ಮೂಲೆಯದನ್ನು ಡ್ರೈವರುಗಳಿಗೆ ಎಂದು ಬರೆದೆ. ಮೇಸ್ತ್ರಿ ನಕ್ಕ. ನನ್ನ ಗಂಡ ಮೂರು ದಿನ ಮುನಿಸಿಕೊಂಡಿದ್ದರು. ನಾನು ಬಿಡಲಿಲ್ಲ. ಈಗ ನಮ್ಮಲ್ಲಿಗೆ ಅತಿಥಿಗಳನ್ನು ಹೆಚ್ಚಾಗಿ ಕರೆತರುವವರೇ ಡ್ರೈವರುಗಳು, "ಅಲ್ಲಿಗೇ ಹೋಗನ ಸಾರ್, ಚೆನ್ನಾಗದೆ" ಎಂದು ತಾವೇ ಹೇಳಿ. ನನ್ನ ಗಂಡ ಈಗ ಆ ಕೋಣೆಯ ಹಾಸಿಗೆಯನ್ನು ಎರಡು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿಸುತ್ತಾರೆ. ಲಾಡ್ಜ್ ನಡೆಸುವುದನ್ನು ನಾನು ಕಲಿತದ್ದು ಆ ಎರಡು ದಿನದಲ್ಲಿ. ಕಲಿಸಿದವರು ಮಾವ. ಆ ಋಣವನ್ನು ಅವರೆದುರು ಬಾಯಿಬಿಟ್ಟು ಹೇಳಲು ಹೋದರೆ, "ಓಗ್ ಓಗು, ಕಾಪಿ ತತ್ತಾ" ಎಂದು ಮಾತು ತಿರುಗಿಸುತ್ತಿದ್ದರು.

ಮಾವ ಹೋದದ್ದು ಹೋದ ವರ್ಷ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮರುದಿನ ಬೆಳಿಗ್ಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಜಗಲಿಯಲ್ಲಿ ಕೂರಿಸಿದ್ದೆವು. ಅತ್ತೆ ಪಕ್ಕದಲ್ಲೇ ಕುಳಿತಿದ್ದರು, ಅತ್ತೂ ಅತ್ತೂ ಒಣಗಿದ್ದರು. ಆಗ ಕಲ್ಲಿಕೋಟೆಯ ಬಸ್ಸು ಮನೆಯೆದುರು ಬಂದು ನಿಂತಿತು. ಅಲ್ಲಿ ಸ್ಟಾಪ್ ಇಲ್ಲ. ಖಾಕಿ ತೊಟ್ಟ ಡ್ರೈವರ್ ಇಳಿದು ಬಂದು, ಚಪ್ಪಲಿ ಬಿಟ್ಟು, ಮಾವನ ಪಾದಕ್ಕೆ ಹಣೆ ಹಚ್ಚಿದರು. ನಲವತ್ತರ ಆಸುಪಾಸಿನವರು. ನಾನು ಅವರನ್ನು ನೋಡಿಯೇ ಇರಲಿಲ್ಲ.

"ನಂಗೆ ಆ ಘಾಟಿ ಕಲ್ಸುದ್ದು ಇವ್ರೇಯ" ಎಂದರು ಅತ್ತೆಗೆ. "ಮೊದಲ್ನೇ ದಿನ್ವೇ ಅಂದಿದ್ರು, ಕಣ್ ಎಳುದ್ರೆ ಬಸ್ ನಿಲ್ಸು, ಎಷ್ಟೊತ್ತಾದ್ರೂ ಸರಿ. ಯಾಕ್ ಲೇಟು ಅಂತ ಆಪೀಸ್ನೋರು ಕೇಳುದ್ರೆ ನನ್ ಎಸ್ರು ಏಳು, ನಾನು ಉತ್ರ ಕೊಡ್ತೀನಿ ಅಂತ. ಎರಡ್ ಸಲ ನಿಲ್ಸಿವ್ನಿ ಅಮ್ಮ. ಎರಡ್ ಸಲಾನೂ ಬಂದು ಉತ್ರ ಕೊಟ್ರು."

ಪ್ರಯಾಣಿಕರು ಕಿಟಕಿಗಳಿಂದ ನೋಡುತ್ತಿದ್ದರು. ಯಾರೂ ಗದ್ದಲ ಮಾಡಲಿಲ್ಲ. ಕೆಲವರು ಇಳಿದು ಬಂದು ಕೈಮುಗಿದು ಹೋದರು. ಡ್ರೈವರ್ ಕಣ್ಣೊರೆಸಿಕೊಂಡು ಬಸ್ಸಿನ ಕಡೆ ನಡೆದಾಗ ಅತ್ತೆ ನನ್ನ ಕೈ ಹಿಡಿದು ಎಳೆದರು.

"ಬಿಸ್ಲಲ್ಲಿ ಓಯ್ತಾವ್ನೆ ಕಣಮ್ಮಿ. ಕುಡಿಯೋಕೆ ನೀರಾರ ಕೊಟ್ಯಾ?"

ನಾನು ತುಂಬಿದ ಚೊಂಬು ಹಿಡಿದು ರಸ್ತೆಗೆ ಓಡಿದೆ.