ಬೆನ್ನು ತುಳಿದ ಕಾಲು

ರೊಟ್ಟಿ ಬೇಯಿಸಿದ ಹಂಚಿನ ಮೇಲೆ ಹಳೆಯ ಧೋತರದ ತುಂಡೊಂದನ್ನು ಕಾಯಿಸಿದರೆ ಒಂದು ವಾಸನೆ ಏಳುತ್ತದೆ. ಅರ್ಧ ಜೋಳದ ಹಿಟ್ಟಿನದು, ಅರ್ಧ ಹತ್ತಿಯದು. ಮೊನ್ನೆ ಸಂಜೆ ರಾಯಚೂರಿನ ನಮ್ಮ ಬಾಡಿಗೆ ಮನೆಯಲ್ಲಿ ಆ ವಾಸನೆ ಬಂದಾಗ ನಾನು ಕಿಟಕಿಗೂ ಬಾಗಿಲಿಗೂ ನಡುವೆ ಓಡಾಡುತ್ತಿದ್ದೆ. ನನಗೀಗ ಏಳು ತಿಂಗಳು. ಕೂತರೆ ಸೊಂಟ ಹಿಡಿಯುತ್ತದೆ, ನಿಂತರೆ ಬೆನ್ನು ಸೆಳೆಯುತ್ತದೆ, ಮಲಗಿದರೆ ಯಾವ ಮಗ್ಗುಲೂ ನನ್ನದಲ್ಲ ಅನ್ನಿಸುತ್ತದೆ. ಮನೆಯಲ್ಲಿ ಇದ್ದವರ ಮೇಲೆಲ್ಲ ಹರಿಹಾಯುತ್ತಿದ್ದೇನೆ. ಇದ್ದವರೆಂದರೆ ಪಾಪ, ನನ್ನ ಗಂಡ ಒಬ್ಬನೇ. ಕೇಳದೆ ಯಾವ ಗುಳಿಗೆಯನ್ನೂ ನುಂಗಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅವನು ಅಡುಗೆಮನೆಯಲ್ಲಿ ಬಟ್ಟೆ ಕಾಯಿಸುತ್ತಿದ್ದ. "ಭಾಳ ಸುಡಬಾರದು, ಮೊದಲ ನಿನ್ನ ಕೈ ಮ್ಯಾಲ ಇಟ್ಟು ನೋಡು" ಎಂದು ಕೂಗಿದೆ. ಕೂಗಿದ ಮೇಲೆ ಗೊತ್ತಾಯಿತು, ಆ ಮಾತು ನನ್ನದಲ್ಲ, ಅಮ್ಮನದು.

ನಮ್ಮ ಕಡೆ ಹೆತ್ತವಳು ಅವ್ವ, ಅವ್ವನ ತಾಯಿ ಅಮ್ಮ. ಮಾನ್ವಿ ಹತ್ತಿರದ ಕಲ್ಲೂರಿನಲ್ಲಿ ಅಮ್ಮನ ಮಣ್ಣಿನ ಮಾಳಿಗೆ ಮನೆಯಿತ್ತು. ನಾನು ಬೆಳೆದದ್ದು ಅಲ್ಲಿಯೇ. ಆ ಮನೆಯಲ್ಲಿ ನನಗೊಂದು ಕೆಲಸವಿತ್ತು, ಬೆನ್ನು ತುಳಿಯುವುದು. ದಿನವಿಡೀ ಬಗ್ಗಿ ಕಳೆ ಕಿತ್ತು ಬಂದವರು ಸಂಜೆ ಪಡಸಾಲೆಯಲ್ಲಿ ಸಾಲಾಗಿ ಬೋರಲು ಮಲಗುತ್ತಿದ್ದರು. ನಾನು ನಡುಗಂಬವನ್ನು ಒಂದು ಕೈಯಲ್ಲಿ ಹಿಡಿದು, ಭಾರವನ್ನೆಲ್ಲ ಬಿಡದೆ, ಒಬ್ಬರ ಸೊಂಟದಿಂದ ಹೆಗಲವರೆಗೆ ಹೆಜ್ಜೆ ಹಾಕುತ್ತಿದ್ದೆ. ಅವ್ವನ ಬೆನ್ನು ಗಟ್ಟಿ, ಅಮ್ಮನ ಬೆನ್ನಿನಲ್ಲಿ ಎಲುಬೇ ಎಲುಬು. "ನಮ್ಮ ಮಂಜಿ ಕಾಲಾಗ ಔಷಧ ಅದ" ಎಂದು ಬಂದವರೆಲ್ಲ ಹೊಗಳುವರು, ಕೈಗೆ ಬೆಲ್ಲ-ಶೇಂಗಾ ಸಿಗುವುದು. ನಾನೋ, ಊರಿಗೇ ದೊಡ್ಡ ಡಾಕ್ಟರಮ್ಮನಂತೆ ಮೆರೆಯುತ್ತಿದ್ದೆ. ನಿಮ್ಮ ಮನೆಯಲ್ಲೂ ಇಂಥ ಎರಡು ಸಣ್ಣ ಕಾಲುಗಳಿದ್ದವೇನೋ, ನೆನಪು ಮಾಡಿಕೊಳ್ಳಿ.

ನನಗೆ ಏಳೋ ಎಂಟೋ ವರ್ಷವಿದ್ದಾಗ, ದೇವದುರ್ಗಕ್ಕೆ ಕೊಟ್ಟಿದ್ದ ಚಿಗವ್ವ, ಅಂದರೆ ಅವ್ವನ ತಂಗಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಬಸ್ಸಿನ ಕುಲುಕಾಟಕ್ಕೆ ಮೊದಲೇ ಇದ್ದ ಬೆನ್ನುನೋವು ಇಮ್ಮಡಿಯಾಗಿತ್ತು. ಅಮ್ಮ ಅವಳನ್ನು ಎಡಮಗ್ಗುಲಿಗೆ ಮಲಗಿಸಿ ಮೊಣಕಾಲುಗಳ ನಡುವೆ ಮಡಿಚಿದ ಕೌದಿ ಇಡುತ್ತಿದ್ದಳು. ಏಳುವಾಗ ಗಬಕ್ಕನೆ ಏಳಗೊಡದೆ, ಮಗ್ಗುಲಾಗಿ ಕೈಯೂರಿಸಿ ಎಬ್ಬಿಸುತ್ತಿದ್ದಳು. ಕೊಡ ಎತ್ತಲು ಬಿಡುತ್ತಿರಲಿಲ್ಲ, ಆದರೆ ಕೂತಲ್ಲೇ ಕೂರಲೂ ಬಿಡದೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸುತ್ತಿದ್ದಳು. ಕಾಯಿಸಿದ ಬಟ್ಟೆಯನ್ನು ತನ್ನ ಮುಂಗೈಗೆ ತಾಗಿಸಿ ನೋಡಿಯೇ ಅವಳ ಸೊಂಟಕ್ಕಿಡುವಳು, ಹೊಟ್ಟೆಯ ಹತ್ತಿರ ಮಾತ್ರ ಒಯ್ಯುತ್ತಿರಲಿಲ್ಲ. ಕಂಬದ ಹತ್ತಿರ ಸುಳಿಯುತ್ತಿದ್ದ ನನ್ನನ್ನು ನೋಡಿ, "ಇಕಿ ಬೆನ್ನು ಈಗ ಇಕೀದಷ್ಟೇ ಅಲ್ಲ. ನಿನ್ನ ಕಾಲು ಅದರ ಮ್ಯಾಲ ಬೀಳಬಾರದು, ನೋಡ್ ಮತ್ತ" ಎಂದಿದ್ದಳು.

ಒಂದು ದಿನ ಅಮ್ಮ ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಹೋಗಿದ್ದಳು. ಉಳಿದವರೆಲ್ಲ ಹೊಲದಲ್ಲಿದ್ದರು. ಚಿಗವ್ವ ಬೆಳಗಿನಿಂದ ಒದ್ದಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ, "ಬಾರ ಮಂಜಿ, ಒಂಚೂರು ತುಳೀ ಬೇ, ಸಾಯಾಕತ್ತೀನಿ" ಎಂದಳು. ನನಗೆ ಅಷ್ಟೇ ಸಾಕಾಗಿತ್ತು. ಕಂಬ ಹಿಡಿದು, ಮಗ್ಗುಲಾಗಿ ಮಲಗಿದ್ದ ಅವಳ ಸೊಂಟದ ಮೇಲೆ ಒಂದು ಕಾಲಿಟ್ಟು ಒತ್ತಿದೆ, ಮತ್ತೆ ಒತ್ತಿದೆ. "ಹಾಂ, ಅಲ್ಲೇ" ಎಂದು ಕಣ್ಣು ಮುಚ್ಚಿದಳು. ತುಸು ಹೊತ್ತಿಗೆ ಅವಳ ಮುಖ ಕಿವುಚಿಕೊಂಡಿತು, ಸರಿಹೋಯಿತು, ಮತ್ತೆ ಕಿವುಚಿಕೊಂಡಿತು. ಗುಡಿಯಿಂದ ಬಂದ ಅಮ್ಮ ಕುಂಕುಮದ ಪೊಟ್ಟಣವನ್ನೂ ಕೆಳಗಿಡದೆ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದಳು: "ನೋವು ಒಂದೇ ಸಮ ಅದನು, ಬಂದ್ ಬಂದ್ ಹೋಗಾಕತ್ತದನು?" ಬಂದು ಬಂದು ಹೋಗುತ್ತಿದೆ ಎಂದಳು ಚಿಗವ್ವ. ಹಾಗೆ ಬಂದು ಹೋಗುವುದು ಹೆರಿಗೆಯ ನೋವು ಎಂದು ಅಮ್ಮನಿಗೆ ಗೊತ್ತಿತ್ತು. ಅವತ್ತು ಬಟ್ಟೆ ಕಾಯಿಸಲು ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಓಣಿಯ ಟಂಟಂ ಆಟೋ ಕರೆಸಿ, ಮಗಳನ್ನು ಕೂರಿಸಿಕೊಂಡು ಮಾನ್ವಿಯ ದವಾಖಾನೆಗೆ ಹೊರಟೇಬಿಟ್ಟಳು.

ನಾಲ್ಕು ದಿನ ಅವರಿಬ್ಬರೂ ಬರಲಿಲ್ಲ. ದಿನ ತುಂಬುವ ಮೊದಲೇ ನೋವು ಬಂದಿದೆ, ಕೂಸು ಉಳಿದರೆ ಪುಣ್ಯ ಎಂದು ಬಾಗಿಲಲ್ಲಿ ನಿಂತವರು ಆಡಿಕೊಂಡಿದ್ದು ನನ್ನ ಕಿವಿಗೆ ಬಿತ್ತು. ನಾನು ತುಳಿದದ್ದನ್ನು ಯಾರಿಗೂ ಹೇಳಲಿಲ್ಲ. ಬಚ್ಚಲಲ್ಲಿ ಕೂತು ಇಟ್ಟಂಗಿ ಚೂರಿನಿಂದ ಅಂಗಾಲು ಉಜ್ಜಿದೆ, ದಿನಕ್ಕೆ ಎಷ್ಟು ಸಲವೋ. ಐದನೆಯ ದಿನ ಅಮ್ಮ ಚಿಗವ್ವನನ್ನು ಕರೆತಂದಳು. ನೋವು ನಿಂತಿತ್ತು, ಕೂಸು ಹೊಟ್ಟೆಯಲ್ಲೇ ಇತ್ತು. ನಾನು ಮೂಲೆಯಿಂದ ಏಳಲಿಲ್ಲ. ಅಮ್ಮ ಬಂದು ನನ್ನ ಕೆಂಪಾದ ಅಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಕುಸುಬಿ ಎಣ್ಣೆ ಹಚ್ಚಿದಳು. "ನಿನ್ನ ಕಾಲಿಂದ ಏನೂ ಆಗಿಲ್ಲ. ಉಚ್ಚಿಯೊಳಗ ನಂಜು ಆಗಿತ್ತಂತ. ಡಾಕ್ಟರಮ್ಮನ್ನ ಕೇಳೀನಿ" ಎಂದಳು. ಆಮೇಲೆ, "ಇನ್ನೊಮ್ಮಿ ತುಳಿದ್ರ ಕಾಲ್ ಮುರೀತೀನಿ" ಎಂದೂ ಸೇರಿಸಿದಳು. ದಿನ ತುಂಬಿದ ಮೇಲೆ ಚಿಗವ್ವ ಗಂಡುಮಗು ಹೆತ್ತಳು.

ನಾನು ಮತ್ತೆ ಯಾರ ಬೆನ್ನನ್ನೂ ತುಳಿಯಲಿಲ್ಲ. ಅಮ್ಮ ಹೋದಳು. ಆ ಮಾಳಿಗೆ ಮನೆಯನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿದರು, ನನ್ನ ಕೈಗೆ ಸವೆದಿದ್ದ ನಡುಗಂಬ ಯಾರದೋ ದನದ ಕೊಟ್ಟಿಗೆ ಸೇರಿತಂತೆ. ಉಳಿದದ್ದು ಒಂದೇ ಸಂಶಯ: ಅಮ್ಮ ಡಾಕ್ಟರಮ್ಮನನ್ನು ನಿಜವಾಗಿ ಕೇಳಿದ್ದಳೋ, ಅಳುವ ಹುಡುಗಿಯನ್ನು ಸಮಾಧಾನ ಮಾಡಲು ಹೇಳಿದ್ದಳೋ? ಹೊಟ್ಟೆಯಲ್ಲಿ ನನ್ನದೇ ಒಂದು ಜೀವ ಹೊರಳತೊಡಗಿದ ಮೇಲೆ ಆ ಸಂಶಯ ನನ್ನನ್ನು ಕೂರಗೊಡಲಿಲ್ಲ. ಮೊನ್ನೆ ಬಟ್ಟೆ ಕಾಯುವುದರೊಳಗೆ ದೇವದುರ್ಗಕ್ಕೆ ಫೋನು ಹಚ್ಚಿ ಕೇಳಿಯೇಬಿಟ್ಟೆ.

ಚಿಗವ್ವ ಮೊದಲು ನಕ್ಕಳು. "ನೀ ತುಳಿದದ್ದು ಟಂಟಂನಾಗ ನಾನೇ ಅಮ್ಮಗ ಎಲ್ಲಾ ಹೇಳಿದ್ನೆಲ್ಲ. ಕೂಸು ಉಳೀತದೋ ಇಲ್ಲೋ ಅಂತ ನಾ ಮಂಚದ ಮ್ಯಾಲ ಅಳಾಕತ್ತಿದ್ರ, ಅಮ್ಮ ಡಾಕ್ಟರಮ್ಮನ್ನ ಬಾಗಿಲಾಗ ನಿಲ್ಲಿಸ್ಕೊಂಡು, 'ಮನ್ಯಾಗ ಒಂದು ಸಣ್ಣ ಹುಡುಗಿ ಅದ ರೀ. ಅದಕ್ಕ ಹೋಗಿ ನಾ ಏನ್ ಹೇಳ್ಲಿ?' ಅಂತ ಕೇಳಾಕತ್ತಿದ್ಲು."

ಅಮ್ಮ ನಿಜವಾಗಿಯೇ ಕೇಳಿದ್ದಳು; ಡಾಕ್ಟರಮ್ಮ ಏನಂದರು ಎಂದು ನಾನು ಕೇಳಲಿಲ್ಲ. ಫೋನು ಇಟ್ಟು, ಎಡಮಗ್ಗುಲಿಗೆ ಮಲಗಿ, ಮೊಣಕಾಲ ನಡುವೆ ಕೌದಿ ಇಟ್ಟುಕೊಂಡೆ. ಗಂಡ ಬಟ್ಟೆಯನ್ನು ತನ್ನ ಮುಂಗೈಗೆ ತಾಗಿಸಿ ನೋಡಿ ಸೊಂಟಕ್ಕಿಟ್ಟ. ನೋವು ಹೇಗಿದೆ ಎಂದು ನನ್ನನ್ನು ಕೇಳಬೇಕಾದವಳು ಇರಲಿಲ್ಲ. ಆದರೂ ಹೇಳಿದೆ, "ಒಂದೇ ಸಮ ಅದ, ಅಮ್ಮಾ."